ಎಮ್ಮೆ ಬೇಡ, ಹಾಲು ಬೇಕು

ಮದುವೆಯಾಗಿ ನಾನು ಹುಣಸೂರಿಗೆ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಆಗ ನಮ್ಮ ಬೀದಿಯಲ್ಲಿ ಎಮ್ಮೆಯೇ ಮನೆ ಬಾಗಿಲಿಗೆ ಬರುತ್ತಿತ್ತು. ನಾನು ಅಂಗಳ ಸಾರಿಸಿ, ರಂಗೋಲಿ ಎಳೆದು, ಕೈ ತೊಳೆಯುವ ಹೊತ್ತಿಗೆ ಹಾಲಿನವಳು ಎಮ್ಮೆ ಕರು ಹೊಡೆದುಕೊಂಡು ಬಂದಿರುತ್ತಿದ್ದಳು. ಮೊದಲು ಚೊಂಬನ್ನು ಮಗುಚಿ ತೋರಿಸುವಳು, ಒಳಗೆ ತೊಟ್ಟು ನೀರೂ ಇಲ್ಲ ಎನ್ನುವುದಕ್ಕೆ. ಆಮೇಲೆ ಕರು ಬಿಟ್ಟು, ಎಳೆದು ಕಟ್ಟಿ, ನಮ್ಮ ಕಣ್ಣೆದುರೇ ಕರೆದು ಕೊಡುವಳು. ಯಾರೂ ಕೇಳದಿದ್ದರೂ ಚೊಂಬು ಮಗುಚುವುದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಕ್ರಮವಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಇಷ್ಟ.

ಬೀದಿಯ ಕೊನೆಯ ಖಾಲಿ ಜಾಗದಲ್ಲಿ ಅವಳ ಕೊಟ್ಟಿಗೆ ಇತ್ತು. ಜಾಗ ಮಂಡಿಯ ಸಾಹುಕಾರರೊಬ್ಬರದು. ಗಂಡ ತೀರಿಕೊಂಡ ಮೇಲೆ ಆ ಕೊಟ್ಟಿಗೆ, ಎರಡು ಎಮ್ಮೆ, ಇಷ್ಟರಲ್ಲೇ ಅವಳ ಬದುಕು ನಡೆಯುತ್ತಿತ್ತು.

ಎಪ್ಪತ್ತರ ಹೊತ್ತಿಗೆ ಹೊಗೆಸೊಪ್ಪಿನ ದುಡ್ಡು ಬೀದಿಗೆ ಬಂತು. ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಲ್ಲಿ ಸೊಪ್ಪು ಬೆಳೆದವರು ಪೇಟೆಯಲ್ಲೊಂದು ಮನೆ ಇರಲಿ ಎಂದು ಹೊರಟರು. ಹೆಂಚಿನ ಮನೆಗಳನ್ನು ಕೊಂಡು, ಕೆಡವಿ, ತಾರಸಿ ಮನೆ ಕಟ್ಟಿಸಿದರು. ಉಳಿದ ಮನೆಗಳ ಮಾಲೀಕರೂ ಬಾಡಿಗೆ ಏರಿಸಿದರು. ಪಾತ್ರೆಗೆ ಕಲಾಯಿ ಹಾಕುವವನು ಬಿಟ್ಟುಹೋದ. ಜಟಕಾ ಗಾಡಿಯವನು ಕುದುರೆ ಮಾರಿ ಕೆ.ಆರ್. ನಗರದ ಕಡೆಗೆ ಹೋದ. ಎದುರುಬದುರು ನಿಂತು ಮಾತಾಡುತ್ತಿದ್ದ ಬೀದಿಯಲ್ಲಿ ಕಬ್ಬಿಣದ ಗೇಟುಗಳು ಎದ್ದವು.

ಹೊಸಬರಿಗೆ ಸಗಣಿ ವಾಸನೆ ಕಂಡರೆ ಆಗುತ್ತಿರಲಿಲ್ಲ. ಕೊಟ್ಟಿಗೆಯ ಮುಂದೆ ಹಾಯುವಾಗ ಸೆರಗು ಮೂಗಿಗೆ ಹೋಗುತ್ತಿತ್ತು. ಹಾಲಿನವಳು ಹೊತ್ತು ಹೊತ್ತಿಗೆ ಸಗಣಿ ಬಾಚಿ, ಗಂಜಲ ತೊಳೆದು, ಬೂದಿ ಎರಚಿ ಇಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡವಳು. ಇವರೋ, ಹೊಸ ಕಕ್ಕಸಿನ ಕೊಳವೆಯನ್ನು ಬೀದಿಯ ತೆರೆದ ಚರಂಡಿಗೇ ಬಿಟ್ಟಿದ್ದರು. ಮೊಸಾಯಿಕ್ ನೆಲವನ್ನು ಕನ್ನಡಿಯ ಹಾಗೆ ಒರೆಸಿಕೊಂಡು, ಹೊಲಸನ್ನು ನಮ್ಮೆಲ್ಲರ ಬಾಗಿಲ ಮುಂದೆ ಹರಿಸುತ್ತಿದ್ದರು. ರಂಗೋಲಿಗೆ ಬಗ್ಗುವ ಮೊದಲು ನಾನು ಎರಡು ಕೊಡ ನೀರು ಸುರಿದು ಚರಂಡಿ ತಳ್ಳಬೇಕಾಗುತ್ತಿತ್ತು.

ಅವರಲ್ಲಿ ಒಬ್ಬ ಯಜಮಾನ, ನಮ್ಮ ಎದುರು ಮನೆಯವನು, ಕೊಟ್ಟಿಗೆಯ ಜಾಗವನ್ನು ಸಾಹುಕಾರರಿಂದ ಕೊಂಡುಕೊಂಡ. ದೀಪಾವಳಿಯೊಳಗೆ ಖಾಲಿ ಮಾಡು ಎಂದು ಹಾಲಿನವಳಿಗೆ ಹೇಳಿ ಕಳಿಸಿದ. ಆ ಜಾಗದ ಹಿಂದುಗಡೆ ಒಂದು ಮೂಲೆಯನ್ನಾದರೂ ಅವಳಿಗೆ ಬಿಡಿ ಎಂದು ಕೇಳಲು ನಾನೇ ಎದುರು ಮನೆಗೆ ಹೋದೆ. ಯಜಮಾನನ ಹೆಂಡತಿ ಕೂರಿಸಿ ಕಾಫಿ ಕೊಟ್ಟಳು. ಅದೇ ಎಮ್ಮೆಯ ಹಾಲು, ಮೇಲೆ ಗಟ್ಟಿ ಕೆನೆ.

"ಹಾಲು ಬ್ಯಾಡ ಅಂದೋರ್ಯಾರು ಕಣ್ರೀ? ಎಮ್ಮೆ ಬ್ಯಾಡ, ಅಷ್ಟೆಯ" ಎಂದಳು. ಊರಲ್ಲಿ ನಿಮ್ಮ ಮನೆಯಲ್ಲೂ ದನ ಇದ್ದವಲ್ಲ ಎಂದೆ. "ಅದ್ಕೇ ಅಲ್ವಾ ಬುಟ್ಟು ಬಂದಿದ್ದು" ಎಂದು ನಕ್ಕಳು. ನಾನು ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದು ಬಂದೆ.

ಹಾಲಿನವಳು ಬಿಳಿಕೆರೆಯಲ್ಲಿದ್ದ ತಮ್ಮನ ಮನೆಗೆ ಎಮ್ಮೆ ಹೊಡೆದುಕೊಂಡು ಹೋದಳು. ಅಲ್ಲಿಂದ ಬೆಳಗಿನ ಬಸ್ಸಿನಲ್ಲಿ ಕ್ಯಾನು ಹಿಡಿದು ಬರತೊಡಗಿದಳು. ಕೊಟ್ಟಿಗೆ ಇದ್ದ ಕಡೆ ಎದುರು ಮನೆಯವರ ಕಾರಿಗೆ ಷೆಡ್ಡು ಎದ್ದಿತು. ನೆಲವೆಲ್ಲ ಎಣ್ಣೆ ಜಿಡ್ಡು, ಪೆಟ್ರೋಲ್ ನಾತ. ಅದಕ್ಕೆ ಯಾರೂ ಮೂಗು ಮುಚ್ಚಲಿಲ್ಲ.

ಸ್ವಲ್ಪ ದಿನಕ್ಕೆ ಹಾಲು ತೆಳ್ಳಗಾಯಿತು. ಎದುರು ಮನೆಯಾಕೆ ಗೇಟಿನಲ್ಲೇ ನಿಂತು ಜೋರು ಮಾಡಿದಳು. ಇದು ಹಾಲಲ್ಲ, ಅಕ್ಕಿ ತೊಳೆದ ನೀರು, ಮೊದಲಿನ ಹಾಗೆ ನನ್ನ ಮುಂದೆ ಕರೆದು ಕೊಡು ಎಂದಳು.

ಹಾಲಿನವಳು ಕ್ಯಾನು ಕೆಳಗಿಟ್ಟಳು. "ಕರ್ಕೊಡ್ತೀನಿ ಕಣವ್ವ. ಎಮ್ಮೆ ಬಿಳಿಕೆರೇಲೈತೆ. ಚೊಂಬು ತಕ್ಕೊಂಡು ಬಸ್ಸತ್ತಿ."

ಬೀದಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ಕ್ಯಾನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ನಮಗೆ ಹಾಕುವ ಹಾಲಿಗೂ ನೀರು ಬಿದ್ದಿರುವುದು ನನಗೆ ಗೊತ್ತಿತ್ತು. ನಾನು ಕೇಳುವ ಮೊದಲೇ ತಲೆ ತಗ್ಗಿಸಿ, "ಬಸ್ ಚಾರ್ಜೂ ಎಮ್ಮೇನೇ ಕೊಡ್ಬೇಕಲ್ಲವ್ವ" ಎಂದಳು.

ನಾನು ಪಾತ್ರೆ ಮುಂದಿಟ್ಟೆ. ಅವಳು ಚೊಂಬನ್ನು ಕೈಗೆತ್ತಿಕೊಂಡಳು. ಇಷ್ಟು ವರ್ಷದ ರೂಢಿ. ಕೈ ತಾನಾಗಿಯೇ ಮಗುಚಲು ತಿರುಗಿತು. ಅರ್ಧದಲ್ಲೇ ನಿಂತಿತು. ಹಾಗೆಯೇ ನೆಟ್ಟಗೆ ಮಾಡಿ, ಕ್ಯಾನಿನೊಳಗೆ ಅದ್ದಿ, ನನ್ನ ಮುಖ ನೋಡದೆ ಪಾತ್ರೆಗೆ ಸುರಿದಳು. ಎದುರು ಮನೆಯ ಗೇಟು ದಡ್ಡನೆ ಮುಚ್ಚಿಕೊಂಡಿತು. ಆ ಬೀದಿಯ ಬಗ್ಗೆ ಅವತ್ತು ನನಗೆ ಹುಟ್ಟಿದ ಹೇಸಿಗೆ ಆಮೇಲೆ ಹೋಗಲೇ ಇಲ್ಲ.