ಚಿಕ್ಕಪ್ಪನ ಬೆಲ್ಲದ ಬಣ್ಣ

ಹನಕೆರೆಯ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇತ್ತು. ಈಗ ಅದರ ಕೊಪ್ಪರಿಗೆ ಬೋರಲು ಬಿದ್ದಿದೆ. ನನ್ನ ಲ್ಯಾಪ್‌ಟಾಪ್ ತೆರೆದರೆ ಮಾತ್ರ ಅಲ್ಲಿ ಬೆಲ್ಲ ಇನ್ನೂ ಬಿಸಿಯಾಗಿದೆ, ಅದೂ ಸರಿಯಾದ ಬಣ್ಣದಲ್ಲಿ.

ಚಿಕ್ಕಪ್ಪ ಬೆಲ್ಲಕ್ಕೆ ಹೈಡ್ರೋಸ್ ಪುಡಿ ಹಾಕುತ್ತಿರಲಿಲ್ಲ. ಹಾಕಿದರೆ ಬೆಲ್ಲ ಹಳದಿಯಾಗಿ ಹೊಳೆಯುತ್ತದೆ, ಹಾಕದಿದ್ದರೆ ಕಂದು. ಮಂಡಿಯವರು ಕಂದು ಬೆಲ್ಲಕ್ಕೆ ಮೂಗು ಮುರಿದದ್ದಕ್ಕೆ, ಚಿಕ್ಕಪ್ಪ ತಾವೇ ಪೊಟ್ಟಣ ಕಟ್ಟಿ ಮಾರಲು ಹೊರಟರು. ಪೊಟ್ಟಣದ ಮೇಲಿನ ಫೋಟೊ ನನ್ನ ಪಾಲಿಗೆ ಬಂತು. ಮದ್ದೂರಿನಲ್ಲಿ ಮದುವೆ ಫೋಟೊ ತೆಗೆದು, ಮದುಮಕ್ಕಳನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿ ಹೆಸರು ಗಳಿಸಿದವನು ನಾನು. ಬಿಡುವಿನಲ್ಲಿ ಊರವರ ದನಿಗಳನ್ನೆಲ್ಲ ಅನುಕರಿಸಿ ಬೈಸಿಕೊಳ್ಳುವವನು.

"ಚಿತ್ರದಾಗೆ ಅಳದಿ ಕಂಡು ಒಳಗೆ ಕಂದು ಸಿಕ್ರೆ, ಮೋಸ ಅಂತಾರೆ ಕಣ್ಲಾ. ಮದ್ವೆ ಎಣ್ಣಲ್ಲ ಇದು," ಎಂದು ಚಿಕ್ಕಪ್ಪ ಮೊದಲೇ ಎಚ್ಚರಿಸಿದರು.

ಕ್ಯಾಮೆರಾದ ಬಣ್ಣದ ಸೆಟ್ಟಿಂಗುಗಳನ್ನು ಒಂದೊಂದಾಗಿ ಬದಲಿಸಿ ಬೆಲ್ಲದ ಫೋಟೊ ತೆಗೆಯುತ್ತ ಹೋದೆ. ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ಹದ ನೋಡುವ ಮನುಷ್ಯ ಚಿಕ್ಕಪ್ಪ. ಪ್ರತಿ ಸಲವೂ ಒಂದು ಅಚ್ಚು ಬೆಲ್ಲವನ್ನು ಕ್ಯಾಮೆರಾದ ಪರದೆಯ ಪಕ್ಕ ಹಿಡಿದು ಅಷ್ಟೇ ಗಂಭೀರವಾಗಿ ನೋಡಿದರು. ಕೊನೆಗೊಮ್ಮೆ, "ಊಂ, ಇದೇಯ," ಎಂದರು. ಡಿಗ್ರಿ ಪಾಸಾದಾಗಲೂ ನನಗೆ ಅಷ್ಟು ನೆಮ್ಮದಿಯಾಗಿರಲಿಲ್ಲ.

ಅಲ್ಲೇ ಕೂತು ಫೋಟೊವನ್ನು ಲ್ಯಾಪ್‌ಟಾಪಿಗೆ ಇಳಿಸಿದೆ. ಒಂದು ಕ್ಷಣ ಅದೇ ಕಂದು. ಮರುಕ್ಷಣ ನಮ್ಮ ಕಣ್ಣೆದುರೇ ಅದು ಪೇಲವವಾಗಿ ಹಳದಿಗೆ ತಿರುಗಿತು.

"ಲೇ, ನೋಡ್ತಿದ್ದಂಗೇ ನಿನ್ ಕಂಪ್ಯೂಟ್ರು ಐಡ್ರೋಸ್ ಆಕ್ಬುಡ್ತು ಕಣ್ಲಾ."

ಅದು ನಿಜವೇ. ನಾನು ತೆಗೆದದ್ದು ರಾ ಫೋಟೊ, ಎಂದರೆ ಕಚ್ಚಾ ಚಿತ್ರ, ಇನ್ನೂ ಬೇಯದ ಕಬ್ಬಿನ ಹಾಲು. ಕ್ಯಾಮೆರಾ ಅದನ್ನು ತನ್ನ ಹದದಲ್ಲಿ ಕಾಯಿಸಿ ಪರದೆಯಲ್ಲಿ ತೋರಿಸುತ್ತದೆ; ಮೊದಲ ಕ್ಷಣ ಕಂಡ ಕಂದು ಅದೇ. ಸಾಫ್ಟ್‌ವೇರ್ ಆ ಹದವನ್ನು ಬದಿಗಿಟ್ಟು ಬೇರೆ ಒಲೆ ಹೂಡುತ್ತದೆ. ಹುಡುಕಿದಾಗ, ಇಳಿಸುವಾಗ ಕ್ಯಾಮೆರಾದ ಸೆಟ್ಟಿಂಗನ್ನೇ ಉಳಿಸಿಕೊಳ್ಳುವ ಆಯ್ಕೆ ಸಿಕ್ಕಿತು. ಅದನ್ನು ಒತ್ತಿ ಮತ್ತೆ ಇಳಿಸಿದೆ. ಕಂದು ಬಂತು, ಬಂದದ್ದು ಹೋಗಲಿಲ್ಲ. ಅದೂ ಅಸಲಲ್ಲ, ಕ್ಯಾಮೆರಾದ ಬಣ್ಣವನ್ನು ಸಾಫ್ಟ್‌ವೇರ್ ಅನುಕರಿಸಿದ್ದು. ದನಿ ಅನುಕರಿಸುವ ನನಗೆ ಜೊತೆಗಾರ ಸಿಕ್ಕಿದಂತಾಯಿತು.

ಚಿಕ್ಕಪ್ಪ ಬೆಲ್ಲವನ್ನು ಪರದೆಗೆ ಒತ್ತಿಯೇ ಹಿಡಿದು ನೋಡಿದರು. ಆ ಜಿಗುಟು ಇನ್ನೂ ಮೂಲೆಯಲ್ಲಿದೆ, ಒರೆಸಲು ನನಗೆ ಮನಸ್ಸಾಗಿಲ್ಲ. ಪೊಟ್ಟಣಗಳು ಅದೇ ಬಣ್ಣದಲ್ಲಿ ಅಚ್ಚಾದವು. ಕೊಂಡವರು ಯಾರೂ ಬಣ್ಣದ ತಕರಾರು ತರಲಿಲ್ಲ.

ಆಮೇಲೆ ಗಾಣಕ್ಕೆ ಕಬ್ಬು ಕೊಡಲು, ಒಲೆಗೆ ಸಿಪ್ಪೆ ತಳ್ಳಲು ಆಳು ಸಿಗದೆ ಆಲೆಮನೆ ನಿಂತಿತು. ಮೊನ್ನೆ ಆ ಫೋಟೊ ತೆರೆದು, ಚಿಕ್ಕಪ್ಪನ ಎದುರು ಅವರದೇ ದನಿಯಲ್ಲಿ, "ಊಂ, ಇದೇಯ," ಎಂದೆ. ಅವರು ಬಹಳ ಹೊತ್ತು ಪರದೆ ನೋಡಿದರು, ಹೊಗೆ ವಾಸನೆ ಬಂದವರಂತೆ ಮೂಗೆಳೆದರು.

"ಬೆಲ್ಲ ಸರ್ಯಾಗದೆ," ಎಂದರು. "ನಿನ್ ದನೀಗೇ ಒಸಿ ಐಡ್ರೋಸ್ ಬಿದ್ದದೆ ಕಣ್ಲಾ."