ಮಿಲ್ಲಿನ ಗೇಟಿನೆದುರು ರೊಟ್ಟಿಯ ಸದ್ದು

ಲಾಲ್‌ಬಾಗ್‌ನ ಒಂದು ಬಟ್ಟೆ ಮಿಲ್ಲಿನ ಹಿಂದಿನ ಗೇಟಿನ ಎದುರು, ರಸ್ತೆಯ ಈಚೆ ಬದಿಗೆ, ಬೀದಿ ನಲ್ಲಿಗೆ ಬೆನ್ನು ಕೊಟ್ಟು ನಾನು ನಿಂತಿದ್ದೆ. ೧೯೭೧ರ ಆಷಾಢ, ಶನಿವಾರ ಮಧ್ಯಾಹ್ನ. ಬೆಳಗಿನಿಂದ ಹೊಡೆದ ಮಳೆ ಆಗಷ್ಟೇ ನಿಂತಿತ್ತು. ನನ್ನ ಎಡಗೈಯಲ್ಲಿ ಹೆಂಡತಿ ನೀಲವ್ವನ ಕೈ ಇತ್ತು. ಅಷ್ಟರಲ್ಲಿ ಭೋಂಗಾ ಕೂಗಿತು. ಭೋಂಗಾ ಎಂದರೆ ಪಾಳಿ ಬದಲಾಗುವಾಗ ಮಿಲ್ಲು ಊದುವ ಕೊಂಬು. ಅದರ ದನಿ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಅದು ಕೂಗಿ ನಿಲ್ಲುವ ಹೊತ್ತಿಗೆ ನನ್ನ ಕೈ ಖಾಲಿಯಾಗಿತ್ತು.

ಗೇಟಿನಿಂದ ಒಂದು ಪಾಳಿಯ ಜನ ಹೊರಗೆ ಬರುತ್ತಿದ್ದರು. ನಮ್ಮ ಬೆನ್ನ ಹಿಂದಿನ ಗಲ್ಲಿಗಳಿಂದ ಇನ್ನೊಂದು ಪಾಳಿಯ ಜನ ಒಳಗೆ ಹೋಗುತ್ತಿದ್ದರು. ಎರಡೂ ಕೂಡುವ ಜಾಗದಲ್ಲಿ ನಾವು ನಿಂತಿದ್ದೆವು. ಬಿಜಾಪುರ ಜಿಲ್ಲೆಯ ಇಂಡಿ ತಾಲೂಕಿನ ನಮ್ಮ ಊರಿನ ಮಂದಿಯನ್ನೆಲ್ಲ, ತೊಟ್ಟಿಲ ಕೂಸುಗಳನ್ನೂ ಸೇರಿಸಿ ತಂದು ನಿಲ್ಲಿಸಿದ್ದರೂ, ಆ ರಸ್ತೆಯ ಒಂದು ಮೂಲೆ ತುಂಬುತ್ತಿರಲಿಲ್ಲ. ಯಾರೂ ನೂಕಲಿಲ್ಲ, ಯಾರೂ ಬೈಯಲಿಲ್ಲ. ಜನ ಬಂದರು, ಹೆಂಡತಿ ಹೋದಳು, ಅಷ್ಟೆ.

ಅವಳಿಗೆ ಮರಾಠಿ ಬರುತ್ತಿರಲಿಲ್ಲ. ಹಿಂದಿಯೂ ಇಲ್ಲ. ನಮ್ಮ ಚಾಳಿನ ಹೆಸರು ಕೇಳಿದರೆ “ಇದ್ದಲಿ ಅಂಗಡಿ ಬಾಜೂ ಮೆಟ್ಲ” ಅನ್ನುತ್ತಿದ್ದಳು. ಮುಂಬಯಿಯಲ್ಲಿ ಇದ್ದಿಲ ಅಂಗಡಿಯ ಪಕ್ಕ ಮೆಟ್ಟಿಲಿಲ್ಲದ ಓಣಿ ಯಾವುದಿದೆ?

ನಾವು ಅಲ್ಲಿಗೆ ಹೇಗೆ ಬಂದೆವು ಎಂಬುದನ್ನು ಹೇಳಬೇಕು.

ನಾನು ಆಗ ಕಾಳಬಾದೇವಿಯ ಒಂದು ಪೇಢಿಯಲ್ಲಿ ಗುಮಾಸ್ತ. ಪೇಢಿ ಎಂದರೆ ವ್ಯಾಪಾರಿಯ ಗಾದಿ-ಕಚೇರಿ. ಕುರ್ಚಿ ಇಲ್ಲ, ಬಿಳಿ ಹಾಸಿನ ಮೇಲೆ ಕೂತು ಕೆಲಸ. ಮೂರು ವರ್ಷ ಒಬ್ಬನೇ ಇದ್ದು, ಪರಳ್‌ನ ಚಾಳಿನಲ್ಲಿ ಒಂದು ಖೋಲಿ, ಎಂದರೆ ಒಂಟಿ ಕೋಣೆ, ಸಿಕ್ಕಮೇಲೆ ನೀಲವ್ವನನ್ನು ಕರೆತಂದೆ. ಊರಲ್ಲಿ ಹೊಲಕ್ಕೆ ಬುತ್ತಿ ಹೊತ್ತು ಹೋಗಿ, ಅಲ್ಲೇ ಕೂತು ಎಲ್ಲರ ಜೊತೆ ಉಂಡು ಬೆಳೆದವಳು. ಇಲ್ಲಿ ಬಂದು ಉಣ್ಣುವುದನ್ನೇ ಬಿಟ್ಟಳು.

ಹಟ ಮಾಡಿ ಬಿಟ್ಟದ್ದಲ್ಲ. ರೇಷನ್ ಅಂಗಡಿಯಲ್ಲಿ ಸಿಗುತ್ತಿದ್ದ ಕೆಂಪು ಜೋಳಕ್ಕೆ ಜಿಗಿ ಇರಲಿಲ್ಲ. ರೊಟ್ಟಿ ಬಡಿಯಲು ಹೋದರೆ ಅಂಚು ಸೀಳಿ ನಕ್ಷತ್ರದಂತಾಗುತ್ತಿತ್ತು. ಕಟ್ಟಿಗೆಯ ಒಲೆ ಇಲ್ಲ, ಸೀಮೆಎಣ್ಣೆಯ ಸ್ಟೋವ್. ಬೆಂದ ರೊಟ್ಟಿಗೂ ಅದರದೇ ವಾಸನೆ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಅವಳ ಕೈಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಒಂದು ದಿನ ನೀರು ಹಿಡಿಯುತ್ತ ನನ್ನ ಮುಖ ನೋಡದೆ ಹೇಳಿದಳು. “ನಾಗರಪಂಚಮಿಗೆ ಅಣ್ಣ ಕರಿಯಾಕ ಬರ್ತಾನ್ರಿ.”

“ಬರ್ಲಿ. ಹೋಗಿ ಬಾ.”

“ಹೋಗ್ತೀನಿ. ತಿರುಗಿ ಬರೂದು ನನ್ನ ಕೈಯಾಗಿಲ್ಲ.”

ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯದಿದ್ದರೆ ಅದು ಹಬ್ಬವೇ ಅಲ್ಲ. ಹಾಗೆ ಹೋದವಳು ಗಂಡನ ಮನೆಗೆ ಮರಳದೆ ಉಳಿದರೆ ಏನರ್ಥ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಂಚಮಿಯೊಳಗೆ ಈ ಊರಲ್ಲಿ ಅವಳು ಹೊಟ್ಟೆ ತುಂಬ ತಿನ್ನುವಂಥದ್ದು ಏನಾದರೂ ಹುಡುಕಬೇಕು ಎಂದು ನಾನು ಹೊರಟೆ. ಹೋಟೆಲಿನ ಊಟ ನಮ್ಮ ಕೈಗೆ ಎಟಕುವಂತಿರಲಿಲ್ಲ. ರಸ್ತೆ ಇತ್ತು.

ಮುಂಬಯಿಯ ರಸ್ತೆಯಲ್ಲಿ ಎಷ್ಟು ಜನ ಎಷ್ಟು ಕಡಿಮೆಗೆ ಎಷ್ಟು ಚೆನ್ನಾಗಿ ತಿನ್ನುತ್ತಾರೆ ಎಂಬುದನ್ನು ನಾನು ಆಗ ಕಣ್ಣು ಬಿಟ್ಟು ನೋಡಿದೆ. ಚೌಪಾಟಿಯಲ್ಲಿ ಭೇಳ್ ಕಲಸುವವನ ಕೈಯಲ್ಲಿ ಡಬ್ಬಿಯೂ ಚಮಚವೂ ತಾಳ ಹಾಕುತ್ತಿದ್ದವು. ದಾದರ್ ಸ್ಟೇಷನ್ನಿನ ಹೊರಗೆ ಒಬ್ಬ ದೊಡ್ಡ ಕಡಾಯಿಯಲ್ಲಿ ಬಟಾಟೆ ವಡೆ ಕರಿಯುತ್ತಿದ್ದ. ಲೋಕಲ್‌ನಿಂದ ಇಳಿದವರು ನಿಲ್ಲದೆ ಕೈ ಚಾಚುತ್ತಿದ್ದರು, ಅವನು ತಲೆ ಎತ್ತದೆ ವಡೆಯನ್ನು ಪಾವಿನೊಳಗೆ ಒತ್ತಿ ಆ ಕೈಗಳಿಗೆ ಇಡುತ್ತಿದ್ದ. ನಮ್ಮಲ್ಲಿ ನಡೆಯುತ್ತ ತಿಂದರೆ ಹಿರಿಯರು ಗದರುತ್ತಾರೆ. ಇಲ್ಲಿ ಹಿರಿಯರೇ ನಡೆಯುತ್ತ ತಿನ್ನುತ್ತಿದ್ದರು.

ಒಂದೊಂದನ್ನೇ ಕಾಗದದಲ್ಲಿ ಕಟ್ಟಿಸಿ ಖೋಲಿಗೆ ತಂದೆ. ಭೇಳ್ ನೋಡಿ ನೀಲವ್ವ, “ಚುರುಮುರಿ ಅಲ್ಲೇನ್ರಿ ಇದು? ನೀರು ಬಿದ್ದು ಮೆತ್ತಗಾದ ಚುರುಮುರಿ ನಾವು ಎಮ್ಮಿಗೆ ಹಾಕ್ತೀವಿ” ಅಂದಳು. ವಡಾ-ಪಾವಿನ ಪೊಟ್ಟಣ ಬಿಚ್ಚಿದಾಗ ಮಾತ್ರ ಅವಳ ಮುಖ ನಿಜವಾಗಿ ಸಣ್ಣದಾಯಿತು.

“ಇದನ್ಯಾಕ ತಂದ್ರಿ? ನನಗೇನು ಜ್ವರ ಬಂದಾವೇನು?”

ನಮ್ಮ ಊರಲ್ಲಿ ಬ್ರೆಡ್ಡು ಎಂಬುದು ಜ್ವರ ಬಂದವರ ಪಥ್ಯ. ಡಾಕ್ಟರು ಬರೆದುಕೊಟ್ಟರೆ ಇಂಡಿಗೆ ಹೋಗಿ ತರಬೇಕು, ಹಾಲಿನಲ್ಲಿ ಅದ್ದಿ ರೋಗಿಯ ಬಾಯಿಗೆ ಹಾಕಬೇಕು. ಆರಾಮ ಇದ್ದವರು ಅದನ್ನು ಮುಟ್ಟುವುದಿಲ್ಲ.

“ಇಲ್ಲಿ ಎಲ್ಲಾರೂ ತಿಂತಾರ ನೀಲಾ.”

“ಅಂದ್ರ ಈ ಊರಿಗೆ ಊರೇ ಜಡ್ಡಾಗೈತೇನ್ರಿ?”

ವಡೆ ತೆಗೆದುಕೊಂಡು ಅರ್ಧ ತಿಂದಳು. ಪಾವನ್ನು ಕಿಟಕಿಯಲ್ಲಿ ಇಟ್ಟಳು, ಕಾಗೆಗೆ.

ಅವಳು ತೀರ ಇಳಿದುಹೋಗುತ್ತಿರುವುದನ್ನು ಕಂಡು ಆ ಶನಿವಾರ ಪೇಢಿಯಿಂದ ಬೇಗ ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟೆ. ಲಾಲ್‌ಬಾಗ್ ದಾಟುವಾಗ ನೀಲವ್ವ ಫುಟ್‌ಪಾತಿನ ಮೇಲೆ ನಿಂತುಬಿಟ್ಟಳು.

“ಯಾರೋ ರೊಟ್ಟಿ ಬಡ್ಯಾಕತ್ತಾರ.”

ನನಗೆ ಬಸ್ಸುಗಳು ಕೇಳಿದವು. ಕೈಗಾಡಿಯ ಗಾಲಿ ಕೇಳಿತು. ಗೋಡೆಯ ಆಚೆ ಮಗ್ಗಗಳ ಗದ್ದಲ ನೆಲದೊಳಗಿಂದ ಕಾಲಿಗೆ ಬರುತ್ತಿತ್ತು. ರೊಟ್ಟಿಯ ಸದ್ದು ಇರಲಿಲ್ಲ. ಆದರೆ ಅವಳು ನಡೆದಳು, ನಾನು ಹಿಂದೆ ನಡೆದೆ. ಮುಂಬಯಿಗೆ ಬಂದಮೇಲೆ ಅವಳು ಮುಂದೆ ನಡೆದದ್ದು ಅದೇ ಮೊದಲು. ಒಂದು ಗಲ್ಲಿ, ಅದರೊಳಗೆ ಇನ್ನೊಂದು, ಆಮೇಲೆ ಮಿಲ್ಲಿನ ಹಿಂದಿನ ಗೇಟು.

ಗೇಟಿನ ಎದುರು ರಸ್ತೆಯ ನಡುವೆಯೇ ಅನ್ನುವಷ್ಟು ಮುಂದೆ, ಮೂರು ಇಟ್ಟಿಗೆಯ ಒಲೆ ಹೂಡಿ ಒಬ್ಬ ಹೆಂಗಸು ಕೂತಿದ್ದಳು. ಕಟ್ಟಿಗೆಯ ಹೊಗೆ, ಅಗಲವಾದ ಹಂಚು. ಪರಾತದಲ್ಲಿ ನಾದಿಟ್ಟ ಹಿಟ್ಟು ಬೆಳ್ಳಗಿತ್ತು, ನಮ್ಮ ಎರೆಹೊಲದ ಬಿಳಿಜೋಳದ ಹಿಟ್ಟಿನ ಹಾಗೆಯೇ. ಪಕ್ಕದ ಬೋಗುಣಿಯಲ್ಲಿ ಕಡಲೆಹಿಟ್ಟಿನ ಜುಣಕ. ಮರಾಠಿಯಲ್ಲಿ ಅದಕ್ಕೆ ಝುಣಕಾ ಅನ್ನುತ್ತಾರೆ, ರೊಟ್ಟಿಗೆ ಭಾಕರಿ. ಅವಳು ಬಡಿಯುತ್ತಿದ್ದಳು. ಬೆಂದ ಭಾಕರಿಗಳು ಬಿದಿರ ಬುಟ್ಟಿಯಲ್ಲಿ ಏರುತ್ತಿದ್ದವು. ಗಿರಾಕಿಗಳು ಒಬ್ಬರೂ ಇರಲಿಲ್ಲ. ಯಾರಿಗಾಗಿ ಇಷ್ಟು ಎಂದು ನನಗೆ ಅಚ್ಚರಿ.

ನೀಲವ್ವ ಹತ್ತಿರ ಹೋಗಲಿಲ್ಲ. ನಲ್ಲಿಯ ಬಳಿ ನಿಂತಳು. “ರೊಟ್ಟಿ ಮಾರ್ತಾರೇನ್ರಿ?” ಎಂದು ಮೆಲ್ಲಗೆ ಕೇಳಿದಳು. ನಮ್ಮ ಊರಲ್ಲಿ ಜೋಳ ಮಾರುತ್ತಾರೆ, ರೊಟ್ಟಿ ಮಾರುವುದಿಲ್ಲ. ಹಸಿದು ಬಂದವರಿಗೆ ಕೊಡುತ್ತಾರೆ. ನಾನು ಉತ್ತರ ಹುಡುಕುವಷ್ಟರಲ್ಲಿ ಭೋಂಗಾ ಕೂಗಿತು.

ಆಗ ನಾನು ಕಂಡದ್ದನ್ನು ಇಂದಿಗೂ ಯಾರಿಗೂ ಸರಿಯಾಗಿ ಹೇಳಲಾಗಿಲ್ಲ. ಜನರ ಒತ್ತಡಕ್ಕೆ ನಾನು ನಲ್ಲಿಯ ಹಿಂದಿನ ಗೋಡೆಗೆ ಒತ್ತಿಕೊಂಡೆ. “ನೀಲಾ” ಎಂದು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ತಲೆಗಳ ಮೇಲೆ ಒಂದೇ ಗುರುತು ಉಳಿದಿತ್ತು, ಆ ಒಲೆಯ ಹೊಗೆ. ಅದು ನೆಟ್ಟಗೆ ಏಳುತ್ತಿತ್ತು. ಆ ಕಾಲ್ತುಳಿತದಲ್ಲಿ ಒಲೆ ಉಳಿಯುವುದುಂಟೇ ಎಂದು ನಾನು ಅದನ್ನೇ ನೋಡಿದೆ. ಜನ ಒಲೆಯ ಹತ್ತಿರ ಬಂದಾಗ ಎರಡಾಗಿ ಒಡೆದು, ದಾಟಿದ ಮೇಲೆ ಮತ್ತೆ ಕೂಡುತ್ತಿದ್ದರು, ಭೀಮೆಯ ನೀರು ಬಂಡೆಯ ಹತ್ತಿರ ಮಾಡುವಂತೆ. ಯಾರೂ ಕೆಳಗೆ ನೋಡುತ್ತಿರಲಿಲ್ಲ. ಆದರೂ ಒಂದು ಕಾಲು ಇಟ್ಟಿಗೆಗೆ ತಾಗಲಿಲ್ಲ, ಒಂದು ಚಪ್ಪಲಿ ಹಿಟ್ಟಿಗೆ ಬೀಳಲಿಲ್ಲ. ದಾಟುವವರ ಕೈಗಳು ಮಾತ್ರ ಬಗ್ಗುತ್ತಿದ್ದವು. ಭಾಕರಿ, ಅದರ ಮೇಲೆ ಒಂದು ಹಿಡಿ ಝುಣಕಾ, ಒಂದು ಹಸಿಮೆಣಸಿನಕಾಯಿ, ಮುಂದಕ್ಕೆ. ಹತ್ತಿಯ ಧೂಳು ಮೆತ್ತಿ ಅವರ ಹುಬ್ಬುಗಳೆಲ್ಲ ಬೆಳ್ಳಗಿದ್ದವು.

ಜನ ತೆಳುವಾದಾಗ ನಾನು ಓಡಿದೆ. ನೀಲವ್ವ ಒಲೆಯ ಹಿಂದೆ ಇದ್ದಳು.

ಕೂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪರಾತವನ್ನು ಮುಂದೆ ಎಳೆದುಕೊಂಡು, ಎರಡೂ ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಹೆಂಗಸು ಬೇಯಿಸುತ್ತಿದ್ದಳು.

ಆಮೇಲೆ ನೀಲವ್ವ ಹೇಳಿದ್ದು ಇಷ್ಟು: ಜನರ ಸೆಳೆತಕ್ಕೆ ಸಿಕ್ಕಿ ಅವಳು ಒಲೆಯ ಹತ್ತಿರ ಬಂದಾಗ ಆ ಹೆಂಗಸು ಅವಳ ಸೆರಗು ಹಿಡಿದು ಒಲೆಯ ಹಿಂದಕ್ಕೆ ಎಳೆದುಕೊಂಡಳು. “ಯೇ ಪೋರೀ, ಬಸ್ ಇಥೆ” ಅಂದಳು. ಬಾ ಮಗಳೆ, ಇಲ್ಲಿ ಕೂಡು. ಆ ಜಾತ್ರೆಯಲ್ಲಿ ಕಾಲು ಬೀಳದ ಜಾಗ ಅದೊಂದೇ. ಬುಟ್ಟಿ ಬರಿದಾಗುತ್ತಿತ್ತು, ಕೈಗಳು ಬರುತ್ತಲೇ ಇದ್ದವು. “ತಿನ್ನಾಕ ಕೈ ಚಾಚಿದವರಿಗೆ ಇಲ್ಲ ಅನ್ನೂದು ಹೆಂಗ್ರಿ? ಹಿಟ್ಟು ಮುಂದೇ ಇತ್ತು. ಬಡದೆ.”

ನಾನು ತಲುಪಿದಾಗ ಅವಳು ಬಡಿಯುತ್ತಿದ್ದ ರೊಟ್ಟಿ ನಮ್ಮ ಊರಿನದು, ವೀಳ್ಯದೆಲೆಯಷ್ಟು ತೆಳು. ಎದುರಿಗೆ ಒಬ್ಬ ಗಟ್ಟಿಮುಟ್ಟಾದ ತರುಣ ಅಂಥದ್ದೇ ಒಂದನ್ನು ಅಂಗೈಯಲ್ಲಿ ಹಿಡಿದು ಝುಣಕಾ ಹಾಕಿಸಿಕೊಂಡ. ರೊಟ್ಟಿ ನಡುವೆ ಹರಿದು ಝುಣಕಾ ಅವನ ಅಂಗಿಯ ಮೇಲೆ ಬಿತ್ತು.

“ಮಾವ್ಶೀ, ಹೀ ಭಾಕರೀ ಆಹೇ ಕೀ ಪಾಪಡ್?” ಎಂದು ಅವನು ಕೂಗಿದ. ಮಾವ್ಶೀ ಎಂದರೆ ಚಿಕ್ಕಮ್ಮ.

ಮಾವ್ಶೀ ತಲೆ ಎತ್ತಲಿಲ್ಲ. “ಪಾತಳ್ ಆಹೇ ತರ್ ದೋನ್ ಖಾ, ತುಕಾರಾಮ್.” ತೆಳ್ಳಗಿದ್ದರೆ ಎರಡು ತಿನ್ನು.

“ಅವ ಏನಂದ?” ಎಂದು ನೀಲವ್ವ ನನ್ನನ್ನು ಕೇಳಿದಳು.

“ನಿನ್ನ ರೊಟ್ಟಿಗೆ ಹಪ್ಪಳ ಅಂದ.”

ಅವಳು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿಯುವಷ್ಟು ನಕ್ಕಳು, ಸೆರಗಿಗೆಲ್ಲ ಹಿಟ್ಟಾಯಿತು. ಮಾವ್ಶೀ ಅವಳ ಕೈಗೆ ಒಂದು ಭಾಕರಿ ಇಟ್ಟು, ಝುಣಕಾ ಹಾಕಿದಳು. ನೀಲವ್ವ ರಸ್ತೆಯಲ್ಲಿ ಕೂತು, ಅಷ್ಟು ಗಂಡಸರ ನಡುವೆ, ಅದನ್ನು ಪೂರ್ತಿ ತಿಂದು ಇನ್ನೊಂದಕ್ಕೆ ಕೈ ಚಾಚಿದಳು. ಡಾಕ್ಟರ ಹತ್ತಿರ ನಾವು ಹೋಗಲೇ ಇಲ್ಲ.

ಮಾವ್ಶೀಯ ಹೆಸರು ಪಾರೂಬಾಯಿ, ಮಂಗಳವೇಢೆಯ ಕಡೆಯವಳು. ಅವಳ ಹೊಲದ ಮಣ್ಣೂ ನಮ್ಮದರಂತೆ ಕಪ್ಪು. ಜೋಳ ಊರಿನಿಂದ ಚೀಲದಲ್ಲಿ ಬರುತ್ತಿತ್ತು. ನೀಲವ್ವ ಆಮೇಲೆ ದಿನಾ ಮಧ್ಯಾಹ್ನ ಹೋಗಿ ಕೂತಳು. ದಪ್ಪ ಬಡಿಯುವುದನ್ನು ಕಲಿತಳು. ನಮ್ಮಲ್ಲಿ ರೊಟ್ಟಿಗೆ ತಟ್ಟೆ ಇರುತ್ತದೆ. ನಿಂತು ತಿನ್ನುವ ಮಿಲ್ಲಿನವನಿಗೆ ಭಾಕರಿಯೇ ತಟ್ಟೆ, ಅದು ಹರಿಯಬಾರದು.

ಪಂಚಮಿಗೆ ಅವಳ ಅಣ್ಣ ಬಸವಂತ ಬಂದ. ದಾದರ್‌ನಲ್ಲಿ ಅವನನ್ನು ಇಳಿಸಿಕೊಂಡು ಹೊರಗೆ ಬರುತ್ತಲೇ ನೀಲವ್ವ ಕಡಾಯಿಯವನ ಮುಂದೆ ಕೈ ಚಾಚಿ ಒಂದು ವಡಾ-ಪಾವ್ ತೆಗೆದುಕೊಂಡು ಅಣ್ಣನಿಗೆ ಕೊಟ್ಟಳು. ಬಸವಂತ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

“ಯಾಕವ್ವ ತಂಗಿ, ನನ್ನ ಮಾರಿ ನೋಡಿದ್ರ ಜ್ವರ ಬಂದೋನಂಗ ಕಾಣ್ತದೇನು?”

“ತಿನ್ನೋ ಅಣ್ಣ. ಈ ಊರಾಗ ಆರಾಮ ಇದ್ದೋರೂ ತಿಂತಾರ.”

ನನ್ನ ಕಡೆ ನೋಡದೆ ತಾನೂ ಒಂದು ತೆಗೆದುಕೊಂಡು ಪಾವನ್ನೇ ಮೊದಲು ಕಚ್ಚಿದಳು. ಇವಳು ತಿರುಗಿ ಬರುತ್ತಾಳೆ ಎಂದು ನಾನು ಆಗ ತಿಳಿದುಕೊಂಡೆ. ಅವಳು ತವರಿಗೆ ಹೋದಳು, ಜೋಕಾಲಿ ಆಡಿದಳು, ಉಂಡಿ ಕಟ್ಟಿಕೊಂಡು ತಿರುಗಿ ಬಂದಳು. ಆದರೆ ಬಂದವಳ ಮುಖದಲ್ಲಿ ಏನೋ ಇತ್ತು. ಕೇಳಿದೆ.

“ಅವ್ವನ ಮನ್ಯಾಗ ರೊಟ್ಟಿ ಬಡದೆ. ಇದೇನ ಇಷ್ಟು ದಪ್ಪ, ಯಾರ ಮನಿ ರೊಟ್ಟಿ ಇದು ಅಂದ್ಳು.” ಉಂಡಿಯ ಗಂಟು ಬಿಚ್ಚಿದಳು. “ಇಲ್ಲಿ ಬಡದ್ರ ಹಪ್ಪಳ. ಅಲ್ಲಿ ಬಡದ್ರ ದಪ್ಪ. ನಂದು ಯಾವುದ್ರಿ?”

ಈಗ ನಾವು ವಿಲೆ ಪಾರ್ಲೆಯಲ್ಲಿದ್ದೇವೆ, ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಹಿಂದಿಗೆ ಜಾರುತ್ತದೆ. ಊರಿಗೆ ಹೋದಾಗ “ಮುಂಬೈಯವರು ಬಂದ್ರು” ಅನ್ನುತ್ತಾರೆ. ಇಲ್ಲಿ ಇಂದಿಗೂ ನಾವು ಬಿಜಾಪುರದವರು.

ಮಿಲ್ಲು ಮುಚ್ಚಿದೆ, ಭೋಂಗಾ ಕೂಗುವುದಿಲ್ಲ. ಪಾರೂಬಾಯಿ ಊರಿಗೆ ಮರಳಿ ಅಲ್ಲೇ ತೀರಿಕೊಂಡಳು. ಆ ಮಧ್ಯಾಹ್ನ ಅಲ್ಲಿದ್ದವರಲ್ಲಿ ನನಗೆ ಗೊತ್ತಿದ್ದು ಬದುಕಿರುವವರು ನನ್ನ ಹೊರತು ಇಬ್ಬರು. ಒಬ್ಬ ತುಕಾರಾಮ, ಬೊರಿವಲಿಯಲ್ಲಿ ಮಗನ ಮನೆಯಲ್ಲಿದ್ದಾನೆ. ನಾನು ಹೇಳಿದ್ದರಲ್ಲಿ ಅನುಮಾನವಿದ್ದರೆ ಅವನನ್ನು ಕೇಳಬಹುದು, ಅಂಗಿಯ ಕಲೆಯನ್ನು ಅವನು ಮರೆತಿಲ್ಲ. ಇನ್ನೊಬ್ಬಳು ನೀಲವ್ವ. ಇದನ್ನು ಬರೆಯುತ್ತಿರುವಾಗ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ದಪ್ಪವೋ ತೆಳುವೋ, ಸದ್ದಿನಿಂದ ತಿಳಿಯುವುದಿಲ್ಲ.