ಕಾದು ಕುಳಿತಿದ್ದ ಆದೇಶ

ಕಮಲಾಪುರದ ಪರಿಚಿತರೊಬ್ಬರ ಮನೆಯಲ್ಲಿ ತಂಗಿ, ಅಲ್ಲಿಯ ಶಿಲಾಶಾಸನವೊಂದರ ಪಾಠವನ್ನು ನಮ್ಮ ಸಂಸ್ಥೆಯ ಲ್ಯಾಪ್‌ಟಾಪಿನಲ್ಲಿ ಆಗಷ್ಟೇ ಬರೆದು ಮುಗಿಸಿದ್ದೆ. ತಾಳೆಗರಿಗಳನ್ನು ಕಟ್ಟಿಡುವ ರೂಢಿಯಂತೆ ಆ ಯಂತ್ರವನ್ನೂ ಬರವಣಿಗೆ ಮುಗಿದ ಕೂಡಲೇ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆನಾದ್ದರಿಂದ ಅದು ವಾರಗಟ್ಟಲೆ ಅಂತರ್ಜಾಲವನ್ನು ಕಂಡಿರಲಿಲ್ಲ. ಸಂಸ್ಥೆಯ ಗಣಕಗಳನ್ನೆಲ್ಲ ಕಲಬುರಗಿಯಲ್ಲಿ ಕುಳಿತೇ ನಿಯಂತ್ರಿಸುವ ಅಧಿಕಾರಿ ದೂರವಾಣಿ ಮಾಡಿದರು.

“ಸರ್, ನಿಮ್ಮ ಮಷೀನ್ ಭಾಳ ದಿನದಿಂದ ನೆಟ್‌ನ್ಯಾಗ ಕಂಡಿಲ್ರೀ. ಕಳುವಾಗ್ಯದಂತ ತಿಳದು ನಮ್ಮ ಸ್ಕ್ರಿಪ್ಟ್, ಅಂದ್ರ ತಾನ ನಡಿಯೋ ಪ್ರೋಗ್ರಾಂ, ಅದರಾಗಿಂದೆಲ್ಲಾ ಅಳಸೋ ಹುಕುಂ ಕೊಟ್ಟದ. ನೆಟ್ ಹಚ್ಚಿದ ಕೂಡ್ಲೆ ಖಾಲಿ ಆಗ್ತದ.”

“ಹುಕುಂ ವಾಪಸ್ ತಗೊಳ್ರಿ.”

“ಅದು ಒಮ್ಮೆ ಹೋತಂದ್ರ ವಾಪಸ್ ಬರಂಗಿಲ್ರೀ.”

“ಪೆನ್‌ಡ್ರೈವಿಗೆ ಹಾಕ್ಕೊಳ್ಲೇನು?”

“ಸುರಕ್ಷತಾಕ್ಕಂತ ಅದನ್ನ ನಾನೇ ಬಂದ್ ಮಾಡೀನ್ರೀ.”

ಅಷ್ಟರಲ್ಲಿ ಮನೆಯ ಸೊಸೆ ಚಹಾ ತಂದು, “ಕಾಕಾರ, ನನ್ನ ಮೊಬೈಲಿಂದ ನೆಟ್ ಕೊಡ್ಲೇನ್ರೀ?” ಎಂದಳು. ಕೈಮುಗಿದು ಬೇಡವೆಂದೆ. “ಹಂಗಾರ ಫೋಟೋನರ ಹೊಡೀತೀನಿ,” ಎಂದಳು. ಕೈಯಾರೆ ಬರೆಯದ ಪಾಠವನ್ನು ನಾನು ನಂಬಿದವನಲ್ಲ. ಕಲ್ಲಿನೆದುರು ಕುಳಿತಂತೆ ಪರದೆಯೆದುರು ಕುಳಿತು ಸಾಲುಸಾಲಾಗಿ ಎಲ್ಲವನ್ನೂ ಕಾಗದಕ್ಕಿಳಿಸಿದೆ. ಇನ್ನು ಅಳಿಸಿಹೋದರೂ ಚಿಂತೆಯಿಲ್ಲವೆಂದು ಸಂಜೆ ಆಕೆಯ ನೆಟ್ ಪಡೆದೆ. ಯಂತ್ರವು ವಿಧೇಯತೆಯಿಂದ ತನ್ನನ್ನು ತಾನೇ ಅಳಿಸಿಕೊಂಡಿತು.

ಅಧಿಕಾರಿ ಮತ್ತೆ ಕರೆಮಾಡಿ, “ಈಗ ನಿಮ್ಮ ಮಷೀನ್ ಪೂರಾ ಸುರಕ್ಷಿತ ಅದರೀ, ಸರ್,” ಎಂದರು. ಅಲ್ಲಗಳೆಯುವಂತಿರಲಿಲ್ಲ, ಕದಿಯಲು ಅದರಲ್ಲಿ ಏನೂ ಉಳಿದಿರಲಿಲ್ಲ.